ಜೋಗುಳದಮ್ಮನ ಹೊಟ್ಟೆಕಿಚ್ಚು

ಆ ಆಸ್ಪತ್ರೆಯಲ್ಲಿ ಅಕ್ಕ ತಂಗಿ ಇಬ್ಬರೂ ಡಾಕ್ಟರು. ಅಕ್ಕ ಅರಿವಳಿಕೆ ಕೊಡುವವಳು, ತಂಗಿ ಕಿವಿ, ಮೂಗು, ಗಂಟಲಿನ ಸರ್ಜನ್. ಅಕ್ಕ ಮಲಗಿಸುತ್ತಿದ್ದಳು, ತಂಗಿ ಕೊಯ್ಯುತ್ತಿದ್ದಳು. ನರ್ಸುಗಳಿಂದ ಹಿಡಿದು ಗಾಲಿಮಂಚ ತಳ್ಳುವವರ ತನಕ ಎಲ್ಲರೂ ಅಕ್ಕನಿಗೆ ಬೆನ್ನ ಹಿಂದೆ ಇಟ್ಟ ಹೆಸರು ಜೋಗುಳದಮ್ಮ. ಹೆಸರು ಮುದ್ದಾಗಿತ್ತು, ಹೆಂಗಸು ಮುದ್ದಾಗಿರಲಿಲ್ಲ. ಗಂಟುಮೋರೆ, ಬಿಗಿದ ತುಟಿ. ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಕಾರಿಡಾರಿನ ಹರಟೆ ನಿಲ್ಲುತ್ತಿತ್ತು. ತನಗೊಂದು ಅಡ್ಡಹೆಸರಿದೆ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ತಂಗಿಗೆ ಯಾರೂ ಅಡ್ಡಹೆಸರು ಇಟ್ಟಿಲ್ಲವಲ್ಲ, ಅವಳನ್ನು ಎಲ್ಲರೂ ಬರೀ ‘ನಮ್ಮ ಮೇಡಂ’ ಅನ್ನುತ್ತಾರಲ್ಲ, ಬೇಸರ ಅದಕ್ಕೆ.

ಅರಿವಳಿಕೆಯವರ ಪಾಡೇ ಹಾಗೆ. ರೋಗಿ ಅವಳನ್ನು ನೋಡುವುದು ಮೇಜಿನ ಮೇಲೆ ಮಲಗಿಕೊಂಡು, ತಲೆಯ ಕಡೆಯಿಂದ, ತಲೆಕೆಳಗಾಗಿ. ಅದೂ ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿದ ಮುಖ. “ಮಕ್ಕಳೆಷ್ಟು ನಿಮಗೆ?” ಎಂದು ಅವಳು ಕೇಳುತ್ತಾಳೆ. ಮೊದಲನೆಯ ಮಗುವಿನ ಹೆಸರು ಹೇಳುವಷ್ಟರಲ್ಲಿ ಅವರ ಕಣ್ಣು ಮುಚ್ಚಿರುತ್ತದೆ. ಅಲ್ಲಿಂದಾಚೆಗೆ ಅವರ ಒಂದೊಂದು ಉಸಿರೂ ಅವಳ ಕೈಯಲ್ಲಿ. ರಕ್ತದೊತ್ತಡ ಇಳಿದರೆ ಏರಿಸಬೇಕು, ಏರಿದರೆ ಇಳಿಸಬೇಕು, ಎದೆಬಡಿತ ತಾಳ ತಪ್ಪಿದರೆ ದಾರಿಗೆ ತರಬೇಕು. ಇಷ್ಟೆಲ್ಲ ಮಾಡಿ ಎಬ್ಬಿಸಿ ಕೂರಿಸಿದ ಮೇಲೆ ಅವರಿಗೆ ಅವಳ ಮುಖ ಹಾಗಿರಲಿ, ಅವಳು ಕೇಳಿದ ಪ್ರಶ್ನೆಯೂ ನೆನಪಿರುವುದಿಲ್ಲ. ಔಷಧದ ಗುಣವೇ ಅದು. ಕೆಲಸ ಎಷ್ಟು ಚೆನ್ನಾಗಿ ನಡೆದರೆ ಅವಳ ಗುರುತು ಅಷ್ಟು ಚೆನ್ನಾಗಿ ಅಳಿಸಿಹೋಗುತ್ತಿತ್ತು.

ಒಮ್ಮೆ ಒಬ್ಬ ಮುದುಕರ ಹೃದಯ ಆಪರೇಷನ್ನಿನ ನಡುವೆ ನಿಂತೇಹೋಯಿತು. ಎದೆ ಒತ್ತಿ, ಮದ್ದು ಕೊಟ್ಟು, ಬೆವರಿಳಿಸಿಕೊಂಡು ಅದನ್ನು ಮತ್ತೆ ನಡೆಸಿದವಳು ಅಕ್ಕ. ಮುಂದಿನ ವಾರ ಮುದುಕರು ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಬಂದರು. ಕಾರಿಡಾರಿನಲ್ಲಿ ಅವಳನ್ನೇ ತಡೆದು, ಸಿಸ್ಟರ್, ನಮ್ಮ ಮೇಡಂ ರೂಮು ಯಾವ ಕಡೆ ಎಂದು ಕೇಳಿದರು. ಅವಳು ಬೆರಳು ತೋರಿಸಿದಳು. ಸಂಜೆ ತಂಗಿ ಅದರಲ್ಲಿ ಅರ್ಧ ಹಣ್ಣನ್ನು ಅಕ್ಕನ ಮನೆಗೆ ಕಳಿಸಿಕೊಟ್ಟಳು. ಅವರ ತಾಯಿ ಇದ್ದದ್ದು ಅಕ್ಕನ ಮನೆಯಲ್ಲಿ; ಉಣ್ಣುವುದು ಅಕ್ಕನ ಕೈಯಡುಗೆ, ಮಾತ್ರೆ ನುಂಗುವುದು ಅಕ್ಕ ಕೊಟ್ಟ ನೀರಿನಲ್ಲಿ, ಹೊಗಳುವುದು ಭಾನುವಾರ ಬಂದು ಒಂದು ಗಂಟೆ ಕೂತು ಹೋಗುವ ಚಿಕ್ಕ ಮಗಳನ್ನು. ಹಣ್ಣಿನ ಸಿಪ್ಪೆ ಸುಲಿಯುತ್ತ ತಾಯಿ, ಅವಳ ಕೈಗುಣವೇ ಅಂಥದ್ದು ಅಂದರು. ಅಕ್ಕ ತನ್ನ ಪಾಲಿನ ಹಣ್ಣನ್ನು ಮುಟ್ಟಲಿಲ್ಲ. ಹುಳಿ ಇರಬೇಕು ಎಂದಳು. ಸಿಹಿಯಾಗಿತ್ತು, ವಾಸನೆಯಲ್ಲೇ ಗೊತ್ತಾಗುತ್ತಿತ್ತು.

ಈ ಉರಿ ಹೊಸದಲ್ಲ. ತಂಗಿಗೆ ಅಕ್ಷರ ತಿದ್ದಿಸಿದವಳು ಅಕ್ಕ, ಮಗ್ಗಿ ಬಾಯಿಪಾಠ ಮಾಡಿಸಿದವಳು ಅಕ್ಕ. ವೈದ್ಯಕೀಯ ಓದುವಾಗ ಕತ್ತಿನ ನರ, ರಕ್ತನಾಳ, ಮಾಂಸಖಂಡ ಯಾವುದು ಎಲ್ಲಿದೆ ಎಂದು ತನ್ನ ಕತ್ತಿನ ಮೇಲೇ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿಕೊಟ್ಟವಳೂ ಅವಳೇ. ಸರ್ಜನ್ ಆಗಬೇಕೆಂದು ಆಸೆಪಟ್ಟವಳು ಕೂಡ ಅಕ್ಕ. ಅವಳ ವರ್ಷ ಸರ್ಜರಿಯ ಸೀಟು ಕೈತಪ್ಪಿ ಅರಿವಳಿಕೆ ಸಿಕ್ಕಿತು. ಎರಡು ವರ್ಷದ ನಂತರ ತಂಗಿ ಪರೀಕ್ಷೆ ಬರೆದಳು, ಕೇಳಿದ್ದು ಸಿಕ್ಕಿತು. ಅಕ್ಕ ಹೇಳಿಕೊಟ್ಟದ್ದೇ ಬಂದಿತ್ತು ಎಂದು ತಂಗಿ ಎಲ್ಲರೆದುರಿಗೆ ಹೇಳಿದಳು. ತಂಗಿಯ ದೊಡ್ಡ ತಪ್ಪೆಂದರೆ ಇದು: ಅವಳಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ. ಕೆಟ್ಟವಳಾಗಿದ್ದರೆ ಅಕ್ಕ ಅವಳನ್ನು ಧಾರಾಳವಾಗಿ ಬೈದುಕೊಂಡು ನೆಮ್ಮದಿಯಾಗಿರುತ್ತಿದ್ದಳು.

ಆಪರೇಷನ್ ಥಿಯೇಟರಿನಲ್ಲಿ ಹಿಂದಿನಿಂದ ನಡೆದುಬಂದ ಒಂದು ಪದ್ಧತಿಯಿತ್ತು. ಗೋಡೆ ಕಪಾಟಿನ ಮೇಲಿನ ಹಲಗೆಯಲ್ಲಿ ಹಸಿರು ಬಟ್ಟೆ ಸುತ್ತಿದ ಒಂದು ತಟ್ಟೆ ಇರುತ್ತಿತ್ತು. ಅದರ ಹೆಸರು ಕತ್ತಿನ ತಟ್ಟೆ. ಚಾಕು, ಕೊಕ್ಕೆಗಳು, ಬಾಗಿದ ಕಿರುನಳಿಕೆ, ಎಲ್ಲವನ್ನೂ ಕುದಿಸಿ ಕಟ್ಟಿಟ್ಟದ್ದು. ಗಂಟಲು ಮುಚ್ಚಿಹೋಗಿ ಉಸಿರು ನಿಲ್ಲುವ ಹೊತ್ತಿಗೆ, ಬಾಯಿಂದಲೋ ಮೂಗಿನಿಂದಲೋ ನಳಿಕೆ ಇಳಿಸಿ ದಾರಿ ಮಾಡುವುದು ಅರಿವಳಿಕೆಯವರ ಕೆಲಸ. ಅದಾಗದಿದ್ದರೆ ಕತ್ತಿನ ಬುಡದಲ್ಲಿ ಕೊಯ್ದು, ಶ್ವಾಸನಾಳಕ್ಕೇ ತೂತು ಮಾಡಿ, ಕಿರುನಳಿಕೆ ಕೂರಿಸುವುದು ಸರ್ಜನ್ ಕೆಲಸ. ತಟ್ಟೆಯ ಬಟ್ಟೆ ಬಿಚ್ಚುವುದೆಂದರೆ ಅರಿವಳಿಕೆಯವರ ಕೈಯಲ್ಲಿ ಆಗಲಿಲ್ಲ ಎಂದು ಸಾರಿದ ಹಾಗೆ. ಆದ್ದರಿಂದ ಅವರು ತಲೆಯಾಡಿಸುವ ತನಕ ಯಾವ ನರ್ಸೂ ಅದನ್ನು ಮುಟ್ಟುತ್ತಿರಲಿಲ್ಲ. ಯಾರೂ ಬರೆದಿಟ್ಟ ನಿಯಮವಲ್ಲ. ದೊಡ್ಡವರಿಗೆ ಮುಖಭಂಗವಾಗದಿರಲೆಂದು ಚಿಕ್ಕವರು ಪಾಲಿಸಿಕೊಂಡು ಬಂದ ಮರ್ಯಾದೆ. ಅಕ್ಕ ತನ್ನ ಕಾಲದಲ್ಲಿ ತಲೆಯಾಡಿಸಿದ್ದು ತೀರ ಅಪರೂಪ. ಎಂಥ ಗಂಟಲಿದ್ದರೂ ದಾರಿ ಹುಡುಕುವುದರಲ್ಲಿ ಅವಳದು ಎತ್ತಿದ ಕೈ. ಅದೊಂದು ವಿಷಯದಲ್ಲಿ ಮಾತ್ರ ತಂಗಿ ಅವಳ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಒಂದು ಮಧ್ಯಾಹ್ನ ಬಸ್ ಕಂಡಕ್ಟರನೊಬ್ಬನನ್ನು ಕರೆತಂದರು. ದವಡೆಯ ಹಲ್ಲು ಹುಳುಕಾಗಿ ನೋಯುತ್ತಿದ್ದದ್ದನ್ನು ಮಾತ್ರೆ ನುಂಗಿ ನುಂಗಿ ಮುಂದೂಡಿದ್ದ. ಕೀವು ನಾಲಿಗೆಯ ಕೆಳಗೆ ಹಬ್ಬಿ, ಗದ್ದದಿಂದ ಕುತ್ತಿಗೆಯ ಬುಡದವರೆಗೆ ಒಂದೇ ಸಮ ಊದಿಕೊಂಡಿತ್ತು. ಮಲಗಲು ಆಗುತ್ತಿರಲಿಲ್ಲ. ಮಂಡಿಯ ಮೇಲೆ ಕೈಯೂರಿ ಮುಂದಕ್ಕೆ ಬಾಗಿ ಕೂತಿದ್ದ. ನುಂಗಲಾಗದ ಎಂಜಲು ಟವೆಲಿಗೆ ಇಳಿಯುತ್ತಿತ್ತು. ಪ್ರತಿ ಉಸಿರಿಗೂ ಗರಗಸ ಎಳೆದ ಸದ್ದು. ಬಸ್ಸಿನ ಆ ತುದಿಯಿಂದ ಈ ತುದಿಗೆ ಕೇಳುವ ಗಂಟಲು ಅವನದು ಎಂದು ಅವನ ಹೆಂಡತಿ ಅಳುತ್ತ ಹೇಳಿಕೊಂಡಳು. ಈಗ ಅವನ ಮಾತು ಬಾಯಿ ತುಂಬ ಬಿಸಿ ತುತ್ತು ಇಟ್ಟುಕೊಂಡವನ ಮಾತಿನಂತಿತ್ತು.

ತಂಗಿ ಅವನ ಕತ್ತನ್ನು ಮುಟ್ಟಿ ನೋಡಿ ಅಕ್ಕನನ್ನು ಬಾಗಿಲ ಕಡೆಗೆ ಕರೆದಳು. “ಅಕ್ಕಾ, ಇವರನ್ನ ಮಲಗಿಸೋದು ಬೇಡ, ಮಂಪರೂ ಬೇಡ. ಕೂತಿರೋ ಹಾಗೇ ಕತ್ತು ಮರಗಟ್ಟಿಸಿ, ಎಚ್ಚರದಲ್ಲೇ ತೂತು ಮಾಡಿಬಿಡ್ತೀನಿ.”

“ಕತ್ತು ಕೊಯ್ಯೋದು ನಿನಗೆ ಅಭ್ಯಾಸ. ಅವನಿಗಲ್ಲ,” ಅಂದಳು ಅಕ್ಕ.

ಅಕ್ಕನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಊದಿದ ಕತ್ತಿನಲ್ಲಿ ಶ್ವಾಸನಾಳ ಆಳಕ್ಕಿಳಿದಿರುತ್ತದೆ, ಕೊಯ್ದರೆ ರಕ್ತ ಹರಿಯುತ್ತದೆ, ಗಾಯ ಕೀವಾಗಬಹುದು. ಎಚ್ಚರವಿರುವಾಗಲೇ, ತುದಿಯಲ್ಲಿ ದೀಪವಿರುವ ಬಳುಕುವ ಸ್ಕೋಪನ್ನು ಮೂಗಿನಿಂದ ಇಳಿಸಿ, ಅದರ ಮೇಲೆ ನಳಿಕೆ ಜಾರಿಸಿದರೆ ಒಂದು ಗೆರೆಯೂ ಬೀಳದೆ ಮುಗಿಯುತ್ತದೆ. ಅವಳು ಇದನ್ನು ಬಿಡಿಸಿ ಹೇಳಿದಳು. ಹೇಳದೆ ಬಿಟ್ಟದ್ದು ಇನ್ನೊಂದಿತ್ತು. ಹೊರಗೆ ಕೂತಿದ್ದ ಹೆಂಡತಿ ಆಗಲೇ ತಂಗಿಯ ಎರಡೂ ಕೈ ಹಿಡಿದುಕೊಂಡು, ನೀವೇ ಉಳಿಸಿಕೊಡಬೇಕು ಅಂದಿದ್ದಳು. ಪಕ್ಕದಲ್ಲೇ ನಿಂತಿದ್ದ ಅಕ್ಕನತ್ತ ತಿರುಗಿ, ಇವರಿಗೆ ಬಿಸಿನೀರು ಯಾವಾಗ ಕೊಡಬಹುದು ಸಿಸ್ಟರ್ ಎಂದು ಕೇಳಿದ್ದಳು. ಈ ಒಬ್ಬನಾದರೂ ನನ್ನವನಾಗಲಿ ಎಂದು ಅಕ್ಕನ ಒಳಗಿನ ಹಟ ಆಗಲೇ ಕಾಲೂರಿ ನಿಂತಾಗಿತ್ತು.

ಉಸಿರಿಗೆ ಮೊದಲು ಯಾವ ದಾರಿ ಎಂಬ ತೀರ್ಮಾನ ಅರಿವಳಿಕೆಯವರದು. ತಂಗಿ ಕೈತೊಳೆದು, ಕೈಗವಸು ತೊಟ್ಟು, ಗೋಡೆಗೆ ಒರಗಿ ನಿಂತಳು. ಕತ್ತಿನ ತಟ್ಟೆ ಹಲಗೆಯ ಮೇಲೆಯೇ ಉಳಿಯಿತು.

ಅಕ್ಕ ಮೊದಲ ಸಲ ಸ್ಕೋಪ್ ಇಳಿಸಿದಾಗ ಎಂಜಲಿನ ನೊರೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಹೀರಿ ತೆಗೆದು ಮತ್ತೆ ಇಳಿಸಿದಳು. ಊತದಲ್ಲಿ ಎಲ್ಲವೂ ತನ್ನ ಜಾಗ ಬಿಟ್ಟು ಒತ್ತರಿಸಿಕೊಂಡಿತ್ತು. ಸ್ಕೋಪಿನ ತುದಿ ಎಲ್ಲಿಗೋ ತಗುಲಿ ರಕ್ತ ಒಸರಿತು, ಪರದೆಯ ತುಂಬ ಕೆಂಪು. ಕಂಡಕ್ಟರ್ ಕೈಕಾಲು ಬಡಿಯತೊಡಗಿದ. ಆಗಲೇ ನಿಲ್ಲಿಸಬೇಕಿತ್ತು. ಪುಸ್ತಕ ಹೇಳುವುದು ಅದನ್ನೇ, ಅಕ್ಕ ತನ್ನ ಕೈಕೆಳಗಿನವರಿಗೆ ಹೇಳಿಕೊಡುತ್ತಿದ್ದದ್ದೂ ಅದನ್ನೇ. ಅವಳು ಗೋಡೆಯ ಕಡೆ ನೋಡಿದಳು. ತಂಗಿ ಬಾಯಿ ಬಿಟ್ಟಿರಲಿಲ್ಲ, ಮುಖದಲ್ಲಿ ಅವಸರವೂ ಇರಲಿಲ್ಲ. ತನ್ನ ಸರದಿ ಬಂದೇ ಬರುತ್ತದೆ ಎಂದು ಗೊತ್ತಿರುವವರ ತಾಳ್ಮೆಯಿತ್ತು. ಆ ತಾಳ್ಮೆಯನ್ನು ಕಂಡು ಅಕ್ಕನ ಮೈಯೆಲ್ಲ ಉರಿದುಹೋಯಿತು. ಕಂಡಕ್ಟರನ ಒದ್ದಾಟ ನಿಲ್ಲಲೆಂದು ಅವಳು ರಕ್ತನಾಳಕ್ಕೆ ಚೂರು ಮಂಪರಿನ ಮದ್ದು ಬಿಟ್ಟಳು.

ಒದ್ದಾಟ ನಿಂತಿತು. ಅದರ ಜೊತೆಗೆ ಉಸಿರೂ ನಿಂತಿತು.

ಅಲ್ಲಿಯವರೆಗೆ ಆ ಮನುಷ್ಯ ತನ್ನ ಎಚ್ಚರದ ಬಲದಿಂದಲೇ ಗಂಟಲನ್ನು ತೆರೆದಿಟ್ಟುಕೊಂಡಿದ್ದ. ಈಗ ಎಲ್ಲವೂ ಸಡಿಲಗೊಂಡು ಒಂದರ ಮೇಲೊಂದು ಕುಸಿದವು. ಅವಳು ಅವನನ್ನು ಮೇಜಿನ ಮೇಲೆ ಮಲಗಿಸಿ, ಮುಖಕ್ಕೆ ಮಾಸ್ಕ್ ಒತ್ತಿ ಗಾಳಿಚೀಲ ಹಿಸುಕಿದಳು; ಚೀಲ ಕಲ್ಲಾಗಿತ್ತು. ಎದೆ ಏಳಲಿಲ್ಲ. ನರ್ಸು ಗದ್ದ ಎತ್ತಿ ಹಿಡಿದಳು, ಆಗಲೂ ಏಳಲಿಲ್ಲ. ರಕ್ತದಲ್ಲಿರುವ ಆಮ್ಲಜನಕವನ್ನು ಅಳೆಯುವ ಯಂತ್ರ ಒಂದೊಂದು ಬಡಿತಕ್ಕೂ ಕೂಗುತ್ತದೆ. ಆಮ್ಲಜನಕ ಇಳಿದಂತೆ ಆ ಕೂಗಿನ ಶ್ರುತಿಯೂ ಇಳಿಯುತ್ತದೆ. ಅದು ಮೆಟ್ಟಿಲಿಳಿದ ಹಾಗೆ ಇಳಿಯತೊಡಗಿತು. ಅಕ್ಕನ ಕೈ ನಾಲಿಗೆ ಎತ್ತುವ ದೀಪದ ಅಲಗಿನ ಕಡೆಗೆ ಹೋಯಿತು.

“ಅಕ್ಕಾ.”

“ಇನ್ನೊಂದು ಸಲ,” ಅಂದಳು ಅಕ್ಕ.

ಅಲಗು ಹಾಕಿದಳು. ಊದಿದ ನಾಲಿಗೆ ಅಲುಗಲೂ ಇಲ್ಲ. ಶ್ರುತಿ ಇನ್ನೂ ಇಳಿಯಿತು. ಅವನ ತುಟಿಯ ಬಣ್ಣ ಅವಳ ಕಣ್ಣೆದುರಿಗೇ ತಿರುಗುತ್ತಿತ್ತು. ಅಷ್ಟು ಹೊತ್ತಿನಲ್ಲೂ ಅವಳ ತಲೆಯಲ್ಲಿ ಸುಳಿದ ಲೆಕ್ಕ ಇದು: ಇವನು ಸತ್ತರೆ ನನ್ನ ಕೈಯಲ್ಲಿ ಸತ್ತ, ಬದುಕಿದರೆ ಅವಳ ಕೈಯಲ್ಲಿ ಬದುಕಿದ. ಆ ಲೆಕ್ಕಕ್ಕೆ ಅವಳು ಕೊಟ್ಟ ಸಮಯ ಚಿಕ್ಕದು. ಆದರೆ ಆ ಸಮಯ ಅವಳದಾಗಿರಲಿಲ್ಲ, ಮೇಜಿನ ಮೇಲೆ ಮಲಗಿದ್ದವನದು.

ಅವಳು ಅಲಗನ್ನು ತೆಗೆದು ಪಕ್ಕಕ್ಕಿಟ್ಟು ತಲೆಯಾಡಿಸಿದಳು. ನರ್ಸಿಗೆ ಕಾಣಲಿಲ್ಲವೇನೋ ಎಂದು ಬಾಯಿಬಿಟ್ಟು ಹೇಳಿದಳು: “ಕೊಯ್ಯಿ.”

ತಟ್ಟೆ ಇಳಿಸಿ, ಗಂಟು ಬಿಚ್ಚಿ, ಬಟ್ಟೆಯ ಮಡಿಕೆ ತೆಗೆಯುವ ತನಕ ಎಲ್ಲರೂ ಕಾಯಬೇಕಾಯಿತು. ತಂಗಿ ಕಾಯುತ್ತ ಎಡಗೈಯಿಂದ ಕತ್ತಿನ ನಡುವನ್ನು ಹುಡುಕಿಟ್ಟುಕೊಂಡಿದ್ದಳು. ಹೆಗಲ ಕೆಳಗೆ ಸುತ್ತಿದ ಬಟ್ಟೆ ತೂರಿಸಿ, ತಲೆ ಹಿಂದಕ್ಕೆ ಬಾಗಿಸಿ, ಅಲುಗದಂತೆ ಹಿಡಿದವಳು ಅಕ್ಕ. ಚಾಕು ಮೇಲಿನಿಂದ ಕೆಳಕ್ಕೆ ಒಂದೇ ಗೆರೆ ಎಳೆಯಿತು. ರಕ್ತ ಮೇಲೆದ್ದು ಎಲ್ಲವನ್ನೂ ಮುಚ್ಚಿತು. ತಂಗಿ ನೋಡುವುದನ್ನು ಬಿಟ್ಟಳು. ಬೆರಳನ್ನು ಗಾಯದೊಳಗೆ ಇಳಿಸಿ, ಶ್ವಾಸನಾಳದ ಬಳೆಗಳನ್ನು ತಡವಿ, ಬೆರಳಿನ ಪಕ್ಕದಲ್ಲೇ ಚಾಕು ಜಾರಿಸಿದಳು. ಬುಸ್ಸೆಂದು ಗಾಳಿ ಚಿಮ್ಮಿ ರಕ್ತದ ಹನಿಗಳು ಅಕ್ಕನ ಕನ್ನಡಕಕ್ಕೆ ಸಿಡಿದವು. ಕಿರುನಳಿಕೆ ಒಳಗೆ ಹೋಯಿತು. ಅಕ್ಕ ಗಾಳಿಚೀಲವನ್ನು ಅದಕ್ಕೆ ಸಿಕ್ಕಿಸಿ ಹಿಸುಕಿದಳು. ಚೀಲ ಮೆತ್ತಗಾಯಿತು, ಎದೆ ಎದ್ದಿತು. ಯಂತ್ರದ ಕೂಗು ಹತ್ತತೊಡಗಿತು.

ಎಷ್ಟು ಸಲೀಸಾಗಿ ಮಾಡಿದಳು, ಎಂದುಕೊಂಡಳು ಅಕ್ಕ. ಕತ್ತಿನ ಬಳೆಗಳನ್ನು ಎಣಿಸಲು ಅವಳಿಗೆ ಕಲಿಸಿದ್ದು ತಾನೇ. ಕನ್ನಡಕ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಆ ಹನಿಗಳ ನಡುವಿನಿಂದಲೇ ಅವಳು ಉಸಿರು ಊಡುತ್ತ ನಿಂತಳು.

ಕಂಡಕ್ಟರನಿಗೆ ಎಚ್ಚರವಾಯಿತು. ಮಿದುಳಿಗೆ ಏನೂ ಆಗಿರಲಿಲ್ಲ. ಕೀವು ತೆಗೆದರು, ಹಲ್ಲು ಕಿತ್ತರು. ಕತ್ತಿನ ನಳಿಕೆಯಿಂದ ಉಸಿರಾಡುವ ತನಕ ಅವನಿಗೆ ಮಾತಿಲ್ಲ. ತಂಗಿ ವಾರ್ಡಿಗೆ ಬಂದರೆ ಎರಡೂ ಕೈ ಎದೆಗೊತ್ತಿಕೊಂಡು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಅಕ್ಕ ಬಂದರೆ ಪಕ್ಕಕ್ಕೆ ಸರಿದು, ಹಾಸಿಗೆ ಬಟ್ಟೆ ಬದಲಿಸಲು ಜಾಗ ಮಾಡಿಕೊಡುತ್ತಿದ್ದ.

ಇಂಥದ್ದೇನಾದರೂ ನಡೆದರೆ ವಾರದ ಸಭೆಯಲ್ಲಿ ಅದರ ವಿಚಾರಣೆ ಆಗಬೇಕು. ಆಸ್ಪತ್ರೆಯ ಮುಖ್ಯಸ್ಥರು ಮೃದು ಸ್ವಭಾವದ ವಯಸ್ಸಾದವರು. ಯಾರ ಮನಸ್ಸೂ ನೋಯದಂತೆ ಪ್ರಶ್ನೆ ಕೇಳುವುದರಲ್ಲೇ ಅವರ ಅರ್ಧ ಆಯಸ್ಸು ಕಳೆದಿತ್ತು. ತಟ್ಟೆ ತೆರೆಯಲು ತಡವಾಯಿತೇನಮ್ಮ ಎಂದು ಅವರು ತಂಗಿಯನ್ನು ಕೇಳಿದರು. ತಂಗಿ ಒಂದು ಕ್ಷಣವೂ ಯೋಚಿಸಲಿಲ್ಲ. “ಇಲ್ಲ ಸರ್. ಅಕ್ಕ ಸರಿಯಾದ ಹೊತ್ತಿಗೇ ಕರೆದಳು.”

ಎಲ್ಲರೂ ತಲೆದೂಗಿದರು. ಮುಖ್ಯಸ್ಥರು ನಿರಾಳವಾಗಿ ಮುಂದಿನ ವಿಷಯಕ್ಕೆ ಕೈ ಹಾಕಿದರು. ಅಕ್ಕನಿಗೂ ನಿರಾಳವಾಗಬೇಕಿತ್ತು, ಕೆಲಸ ಉಳಿದಿತ್ತು, ಮರ್ಯಾದೆ ಉಳಿದಿತ್ತು. ಆದರೆ ಅವಳಿಗೆ ಕಂಡದ್ದು ಬೇರೆ. ಇನ್ನು ಮುಂದೆ ಆ ಮರ್ಯಾದೆಯೂ ತಂಗಿ ಕೊಟ್ಟದ್ದು. ಪ್ರತಿ ಭಾನುವಾರ ತಂಗಿ ಬಾಗಿಲು ತಟ್ಟಿದಾಗ ಅದು ಅವಳ ಹಿಂದೆಯೇ ಒಳಗೆ ಬಂದು ಕೂರುತ್ತದೆ. ತಂಗಿ ಅದರ ಸುದ್ದಿ ಎತ್ತುವವಳೂ ಅಲ್ಲ. ಎತ್ತದೆ ಇರುವುದರಲ್ಲೂ ದೊಡ್ಡವಳಾಗುತ್ತಾಳೆ.

ಅಕ್ಕ ಎದ್ದು ನಿಂತಳು. “ಅದು ಸುಳ್ಳು,” ಅಂದಳು.

ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ತಂಗಿ ಮೊದಲೇ ಎಚ್ಚರಿಸಿದ್ದು, ಎರಡನೆಯ ಸಲಕ್ಕೆ ರಕ್ತ ಬಂದದ್ದು, ಕೊಡಬಾರದಿದ್ದ ಮದ್ದು ಕೊಟ್ಟದ್ದು, ಉಸಿರು ನಿಂತ ಮೇಲೂ ಅಲಗು ಹಾಕಿದ್ದು. ಧ್ವನಿ ಪಾಠ ಹೇಳುವವರ ಧ್ವನಿಯಂತಿತ್ತು. ತಲೆಯಾಡಿಸುವ ಪದ್ಧತಿ ಹೋಗಬೇಕು, ಇಂಥ ಗಂಟಲು ಬಂದರೆ ಮೊದಲ ಪ್ರಯತ್ನಕ್ಕೆ ಮುಂಚೆಯೇ ಕತ್ತಿನ ತಟ್ಟೆ ತೆರೆದು ಪಕ್ಕದಲ್ಲಿರಬೇಕು ಎಂದೂ ಸೇರಿಸಿ ಕೂತಳು. ಮುಖ್ಯಸ್ಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಬೇರೆ ದಾರಿಯಿರಲಿಲ್ಲ: ಕಷ್ಟದ ಗಂಟಲುಗಳನ್ನು ಸ್ವಲ್ಪ ಕಾಲ ಅವಳು ಒಬ್ಬಳೇ ಮುಟ್ಟಕೂಡದು, ಇನ್ನೊಬ್ಬರು ಜೊತೆಗಿರಬೇಕು ಎಂದು ತೀರ್ಮಾನವಾಯಿತು. ತಟ್ಟೆಯ ವಿಷಯವನ್ನೂ ಅಂದೇ ಒಪ್ಪಿದರು.

ತಂಗಿ ಕಾರಿಡಾರಿನಲ್ಲಿ ಅವಳನ್ನು ಅಡ್ಡಗಟ್ಟಿದಳು. ಅವಳು ಸಿಟ್ಟಾದದ್ದನ್ನು ಅಕ್ಕ ನೋಡಿ ಬಹಳ ಕಾಲವಾಗಿತ್ತು.

“ನಿನ್ನನ್ನ ಉಳಿಸೋಕೆ ಹೋದ್ರೆ ಎಲ್ಲರೆದುರಿಗೆ ನನ್ನನ್ನೇ ಸುಳ್ಳಿ ಮಾಡಿದೆಯಲ್ಲ. ಏನು ಸಿಕ್ತು ನಿನಗೆ?”

“ಅವನ ಉಸಿರು ನಿನ್ನದಾಯ್ತು, ಬಿಟ್ಟುಕೊಟ್ಟೆ,” ಅಂದಳು ಅಕ್ಕ. “ನನ್ನ ತಪ್ಪಾದ್ರೂ ನನ್ನ ಹೆಸರಲ್ಲಿ ಇರಲಿ.”

ಆದರೆ ಆಸ್ಪತ್ರೆಯೆಂದರೆ ಅಷ್ಟು ಸುಲಭವಾಗಿ ಮಾತು ಕೇಳುವ ಜಾಗವಲ್ಲ. ಸಂಜೆಯಾಗುವುದರೊಳಗೆ ಕ್ಯಾಂಟೀನಿನಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ಲಿಫ್ಟಿನಲ್ಲಿ ಓಡಾಡಿದ ಸುದ್ದಿ ಒಂದೇ. ಅಕ್ಕನಿಗಾಗಿ ಸುಳ್ಳು ಹೇಳಲೂ ಹಿಂದೆಗೆಯದ ತಂಗಿ! ಅಂಥ ತಂಗಿ ಎಲ್ಲಿ ಸಿಗುತ್ತಾಳೆ? ಜೋಗುಳದಮ್ಮನ ತಪ್ಪು ಆ ಕಥೆಯಲ್ಲಿ ಇತ್ತು, ಆದರೆ ಮದುವೆಮನೆಯ ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಬಿದ್ದಿತ್ತು. ಯಾರೋ ಫೋನಿನಲ್ಲಿ ತಾಯಿಗೂ ಮುಟ್ಟಿಸಿದ್ದರು. ಅಕ್ಕ ಮನೆಗೆ ಬಂದು ಚೀಲ ಇಡುತ್ತಿರುವಾಗಲೇ ತಾಯಿ, ನಿನ್ನ ಮೇಲೆ ಅವಳಿಗೆ ಎಷ್ಟು ಪ್ರೀತಿ ನೋಡು, ನೀನು ಮಾತ್ರ ಚಿಕ್ಕಂದಿನಿಂದಲೂ ಹೀಗೇ ಅಂದರು. ಅಕ್ಕ ಅವರ ಮಾತ್ರೆ ತೆಗೆದುಕೊಟ್ಟು, ಲೋಟದಲ್ಲಿ ನೀರು ಕೊಟ್ಟಳು. ಒಪ್ಪಿಕೊಂಡರೂ ಹೆಸರು ತಂಗಿಗೇ ಹೋಗುತ್ತದೆ, ಮುಚ್ಚಿಟ್ಟರೂ ತಂಗಿಗೇ ಹೋಗುತ್ತದೆ. ಅಕ್ಕನ ಹೊಟ್ಟೆಯ ಉರಿ ಆ ದಿನ ಅನ್ನ ಸೇರಗೊಡಲಿಲ್ಲ.

ಉಳಿದದ್ದು ಒಬ್ಬನೇ ಒಬ್ಬ. ನಡೆದದ್ದು ಅವನ ಕತ್ತಿನಲ್ಲಿ, ಅವನಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

ಊತ ಪೂರ್ತಿ ಇಳಿದ ಮೇಲೆ ತಂಗಿ ಒಂದು ಬೆಳಿಗ್ಗೆ ಅವನ ಕತ್ತಿನ ನಳಿಕೆ ತೆಗೆದಳು. ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ಅಲ್ಲಿಯವರೆಗೆ ಮಾತಾಡುವಾಗ ಮೇಲಿನ ಬ್ಯಾಂಡೇಜನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು ಎಂದು ಹೇಳಿ ಹೋದಳು. ಅವಳು ಹೋದದ್ದನ್ನು ನೋಡಿಕೊಂಡು ಅಕ್ಕ ವಾರ್ಡಿಗೆ ಬಂದಳು. ಹೆಂಡತಿ, ಬನ್ನಿ ಸಿಸ್ಟರ್ ಎಂದು ಸ್ಟೂಲಿನಿಂದ ಎದ್ದಳು.

“ನಾನು ಸಿಸ್ಟರ್ ಅಲ್ಲ, ಡಾಕ್ಟರು,” ಅಂದಳು ಅಕ್ಕ. “ಅವತ್ತು ಇವರ ಉಸಿರು ನಿಂತದ್ದು ನನ್ನಿಂದ.”

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕಂಡಕ್ಟರ್ ಕೇಳಿಸಿಕೊಂಡ. ಬೆರಳು ಕತ್ತಿಗೆ ಹೋಯಿತು. ಧ್ವನಿ ಒಡೆದ ಕೊಳಲಿನ ಹಾಗೆ ಬಂತು.

“ಸರ್ಜನ್ ಮೇಡಂ ಮೊದ್ಲೇ ಹೇಳಿದ್ರಾ, ಕೊಯ್ಯೋಣ ಅಂತ?”

“ಹೇಳಿದ್ಲು.”

“ನೀವು ಕೇಳ್ಲಿಲ್ಲ.”

“ಕೇಳ್ಲಿಲ್ಲ.”

“ಯಾಕೆ?”

ಕೊಡಲು ಒಳ್ಳೆಯ ಕಾರಣಗಳೇ ಇದ್ದವು. ಆಳಕ್ಕಿಳಿದ ಶ್ವಾಸನಾಳ, ರಕ್ತ, ಕೀವು, ಎಲ್ಲವೂ ಪುಸ್ತಕದಲ್ಲಿ ಇರುವಂಥವು. ಅಕ್ಕ ಅವನ್ನು ಹೇಳಲಿಲ್ಲ. “ಅವಳು ನನ್ನ ತಂಗಿ. ಹೆಸರು ಅವಳಿಗೆ ಹೋಗುತ್ತಲ್ಲ ಅಂತ,” ಅಂದಳು.

ಕಂಡಕ್ಟರ್ ದಿಂಬಿಗೆ ಒರಗಿದ್ದವನು ನೆಟ್ಟಗೆ ಕೂತ. ಹೆಂಡತಿ ತೋಳು ಹಿಡಿದರೆ ಕೊಡವಿದ. ಇಷ್ಟು ದಿನ ಒಳಗೇ ಉಳಿದಿದ್ದ ಮಾತೆಲ್ಲ ಅವನಿಗೆ ಒಟ್ಟಿಗೆ ಬಂತು. ಓದಿದವರು ಅಂತ ನಂಬಿ ಕತ್ತು ಕೊಟ್ಟರೆ ಅಕ್ಕತಂಗಿಯರ ಜಗಳ ಆಡೋಕೆ ತನ್ನ ಗಂಟಲೇ ಬೇಕಾಗಿತ್ತೇ ಎಂದು ಕೇಳಿದ. ತನ್ನ ಮಕ್ಕಳ ಗತಿ ಏನಾಗುತ್ತಿತ್ತು ಎಂದು ಕೇಳಿದ. ಉಸಿರು ಸಾಲದೆ ನಿಲ್ಲಿಸಿ, ಮತ್ತೆ ಒತ್ತಿ ಹಿಡಿದು, “ನನ್ನ ಬಸ್ಸಲ್ಲಾಗಿದ್ರೆ ನಿಮ್ಮನ್ನ ನಡುದಾರೀಲಿ ಇಳಿಸಿ ಸೀಟಿ ಊದ್ಕೊಂಡು ಹೋಗ್ತಿದ್ದೆ, ತಿಳ್ಕೊಳ್ಳಿ,” ಅಂದ. ಪಕ್ಕದ ಹಾಸಿಗೆಗಳವರು ಎದ್ದು ಕೂತು ನೋಡುತ್ತಿದ್ದರು. ಅವನು ನೋಡುತ್ತಿದ್ದದ್ದು ಮಾತ್ರ ಅಕ್ಕನ ಮುಖವನ್ನು, ಕಣ್ಣು ಕೀಳದೆ, ಒಂದೊಂದು ಗೆರೆಯನ್ನೂ ಗುರುತು ಮಾಡಿಕೊಳ್ಳುವವನ ಹಾಗೆ.

ಗದ್ದಲ ಕೇಳಿ ತಂಗಿ ಬಾಗಿಲಿಗೆ ಓಡಿಬಂದಳು. ಅವಳನ್ನು ಕಂಡದ್ದೇ ಕಂಡಕ್ಟರನ ಮುಖ ಸಡಿಲವಾಯಿತು, ಕೈ ಎದ್ದು ಎದೆಯ ಕಡೆಗೆ ಹೊರಟಿತು. ತಂಗಿ ಸಮಾಧಾನ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, ಹಿಂದಕ್ಕೆ ತಿರುಗದೆಯೇ, ಕೈಯೆತ್ತಿ ತಡೆದಳು.

“ನೀನು ಹೊರಗಿರು. ಇದು ನನಗೆ ಬರ್ತಾ ಇರೋದು.”

ತಂಗಿ ಅಲ್ಲೇ ನಿಂತಳು. ಅಕ್ಕ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕಂಡಕ್ಟರನ ಎದುರಿಗೆ ಕೂತಳು.

“ಬ್ಯಾಂಡೇಜು ಸರಿಯಾಗಿ ಒತ್ತಿ ಹಿಡೀರಿ, ಗಾಳಿ ಸೋರ್ತಾ ಇದೆ,” ಅಂದಳು. “ಹ್ಞೂ, ಈಗ ಹೇಳಿ.”